ಹಾರ್ಡ್ ಡಿಸ್ಕ್ ಒಮ್ಮೆ ಕಾಣಿಸುತ್ತದೆ, ಒಮ್ಮೆ ಇಲ್ಲ. ಕಂಡರೂ ಮೌಂಟ್ ಆಗುವುದಿಲ್ಲ

ಪ್ರಶ್ನೆ: ಕಟಪಾಡಿ_ಶ್ರೋತೃ

ಎಲ್ಲರಿಗೂ ನಮಸ್ಕಾರ. ನನ್ನ ಬಳಿ 2 ಟಿಬಿ ಸಾಮರ್ಥ್ಯದ, ಎರಡೂವರೆ ಇಂಚಿನ ಪೋರ್ಟೆಬಲ್ ಹಾರ್ಡ್ ಡಿಸ್ಕ್ ಒಂದಿದೆ. ನಮ್ಮ ದೊಡ್ಡಪ್ಪ ಉಡುಪಿ, ಕಾಪು, ಮೂಲ್ಕಿ ಕಡೆಯ ತಾಳಮದ್ದಳೆ (ವೇಷ, ಕುಣಿತಗಳಿಲ್ಲದ, ಮಾತೇ ಮುಖ್ಯವಾದ ಯಕ್ಷಗಾನ) ಕೂಟಗಳಿಗೆ ಟೇಪ್‌ರೆಕಾರ್ಡರ್ ಹೊತ್ತುಕೊಂಡು ಹೋಗಿ ವರ್ಷಾನುಗಟ್ಟಲೆ ಮಾಡಿದ ಧ್ವನಿಮುದ್ರಣಗಳು ಅದರಲ್ಲಿವೆ. ಮೇ ಕೊನೆಯ ಪತ್ತನಾಜೆಗೆ ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚಿದ ಮೇಲೆ ಮಳೆಗಾಲವಿಡೀ ನಡೆಯುವ ಕೂಟಗಳೇ ಅವುಗಳಲ್ಲಿ ಹೆಚ್ಚು; ಕೆಲವು ಕ್ಯಾಸೆಟ್‌ಗಳಲ್ಲಿ ಅರ್ಥಧಾರಿಯ ಮಾತಿನಷ್ಟೇ ಜೋರಾಗಿ ಮಾಡಿನ ಮೇಲೆ ಬೀಳುವ ಮಳೆಯೂ ಕೇಳಿಸುತ್ತದೆ. ಅವನ್ನೆಲ್ಲ ಕಂಪ್ಯೂಟರಿಗೆ ಇಳಿಸಲು ನನಗೆ ಎರಡು ವರ್ಷ ಹಿಡಿಯಿತು. 90 ನಿಮಿಷದ ಒಂದು ಕ್ಯಾಸೆಟ್ ವೇವ್ ಫೈಲ್ ಆಗಿ ಸುಮಾರು 950 ಎಂಬಿ ಆಗುತ್ತದೆ, ಅಂಥವು ನಾನೂರಕ್ಕಿಂತ ಹೆಚ್ಚಿವೆ. ಮೂಲ ಕ್ಯಾಸೆಟ್‌ಗಳಲ್ಲಿ ಅರ್ಧದಷ್ಟಕ್ಕೆ ಬೂಷ್ಟು ಹಿಡಿದಿದ್ದು, ಅವನ್ನು ಇನ್ನೊಮ್ಮೆ ಓಡಿಸುವ ಧೈರ್ಯ ನನಗಿಲ್ಲ. ಇನ್ನೊಂದು ಪ್ರತಿ ಏಕೆ ಮಾಡಿಟ್ಟುಕೊಳ್ಳಲಿಲ್ಲ ಎಂದು ದಯವಿಟ್ಟು ಕೇಳಬೇಡಿ. ಮನೆಯಲ್ಲಿ ಎಲ್ಲರೂ ಕೇಳಿ ಮುಗಿಸಿದ್ದಾರೆ.

ಹದಿನೈದು ದಿನಗಳ ಹಿಂದೆ ಕದ್ರಿಯಲ್ಲಿರುವ ಭಾವನ ಮನೆಯಲ್ಲಿ, ಅವರ ವಿಂಡೋಸ್ ಡೆಸ್ಕ್‌ಟಾಪಿಗೆ ಈ ಡಿಸ್ಕನ್ನು ಸಿಕ್ಕಿಸಿ ಕೆಲವು ವಿಡಿಯೊಗಳನ್ನು ಇದಕ್ಕೆ ಹಾಕಿಕೊಳ್ಳುತ್ತಿದ್ದಾಗ ಗುಡುಗು ಬಂದು ಕರೆಂಟು ಹೋಯಿತು. ಅವರ ಯುಪಿಎಸ್‌ನ ಬ್ಯಾಟರಿ ಹಾಳಾಗಿ ವರ್ಷವಾಗಿತ್ತಂತೆ, ಹಾಗಾಗಿ ಕಂಪ್ಯೂಟರ್ ಅದೇ ಕ್ಷಣಕ್ಕೆ ಆರಿಹೋಯಿತು. ಅಂದಿನಿಂದ ತೊಂದರೆ ಶುರುವಾಗಿದೆ. ನನ್ನ ಲ್ಯಾಪ್‌ಟಾಪ್‌ನಲ್ಲಿ ಲಿನಕ್ಸಿನ ಉಬುಂಟು 24.04 ಇದೆ. ಡಿಸ್ಕನ್ನು ಸಿಕ್ಕಿಸಿದರೆ ಅದರ ನೀಲಿ ದೀಪ ಉರಿಯುತ್ತದೆ, ತಟ್ಟೆ ತಿರುಗುವ ಸದ್ದು ಕೇಳಿಸುತ್ತದೆ, ಬಳಿಕ ಒಂದು ಸಣ್ಣ ಟಿಕ್ ಸದ್ದಾಗಿ ಎಲ್ಲವೂ ನಿಂತು ಮತ್ತೆ ಮೊದಲಿನಿಂದ ಆರಂಭವಾಗುತ್ತದೆ. ಐದು ಸಲದಲ್ಲಿ ಮೂರು ಸಲ ಫೈಲ್ ಮ್ಯಾನೇಜರಿನಲ್ಲಿ ಏನೂ ಕಾಣುವುದಿಲ್ಲ. ಉಳಿದ ಎರಡು ಸಲ ಡಿಸ್ಕಿನ ಹೆಸರು ಕಾಣುತ್ತದೆ. ಆದರೆ ಕ್ಲಿಕ್ ಮಾಡಿದ ಕೂಡಲೇ ಫೈಲ್ ಸಿಸ್ಟಮಿನ ಬಗೆ ತಪ್ಪಾಗಿದೆ, ಆಯ್ಕೆ ತಪ್ಪಾಗಿದೆ, ಇಲ್ಲವೇ ಸೂಪರ್‌ಬ್ಲಾಕ್ ಕೆಟ್ಟಿದೆ ಎಂಬರ್ಥದ ಒಂದು ಉದ್ದದ ಇಂಗ್ಲಿಷ್ ಸಂದೇಶ ಬರುತ್ತದೆ. ಪಕ್ಕದ ಮನೆಯವರ ವಿಂಡೋಸ್ ಕಂಪ್ಯೂಟರಿನ ಮುಂಭಾಗದ ಪೋರ್ಟಿಗೆ ಹಾಕಿ ನೋಡಿದಾಗ, ಬಳಸುವ ಮೊದಲು ಡಿಸ್ಕನ್ನು ಫಾರ್ಮ್ಯಾಟ್ ಮಾಡಬೇಕು ಎಂದು ಅದು ಕೇಳಿತು. ನಾನು ಬೇಡವೆಂದು ಒತ್ತಿ ಡಿಸ್ಕನ್ನು ಕಿತ್ತು ತಂದೆ. ಕರೆಂಟು ಹೋದದ್ದರಿಂದ ಡಿಸ್ಕೇ ಸತ್ತಿರಬಹುದೇ? ಮುಂದೆ ಏನು ಮಾಡಲಿ?

ಉತ್ತರ: ಬಂದರು_ರಿಪೇರಿ

ನೀವು ಬೇಡವೆಂದು ಒತ್ತಿದ್ದು ದೊಡ್ಡ ಪುಣ್ಯ. ಆ ಕಿಟಕಿಯನ್ನು ನೋಡಿದವರಿಗೆ ಡಿಸ್ಕಿನಲ್ಲಿ ಏನೂ ಉಳಿದಿಲ್ಲವೆಂದೇ ಅನಿಸುತ್ತದೆ. ಆದರೆ ಪಾರ್ಟಿಷನ್ನಿನ ಮೊದಲ ಸೆಕ್ಟರುಗಳಲ್ಲಿ ತಾನು ಗುರುತಿಸಬಲ್ಲ ಬರಹ ವಿಂಡೋಸಿಗೆ ಸಿಗಲಿಲ್ಲ ಎನ್ನುವುದರ ಹೊರತು ಅದಕ್ಕೆ ಬೇರೆ ಅರ್ಥವಿಲ್ಲ. ಬರಹ ಅಳಿಸಿಹೋಗಿದ್ದರೂ ಅದೇ ಕಿಟಕಿ ಬರುತ್ತದೆ, ಬರಹ ಸುರಕ್ಷಿತವಾಗಿದ್ದು ಓದುವ ದಾರಿಯಲ್ಲಿ ತೊಡಕಿದ್ದರೂ ಅದೇ ಬರುತ್ತದೆ. ನಿಮ್ಮ ವಿವರಣೆಯಲ್ಲಿ ನನ್ನ ಗಮನ ಸೆಳೆದದ್ದು ಆ ಸಂದೇಶಗಳಲ್ಲ, ಐದರಲ್ಲಿ ಮೂರು ಸಲ ಕಾಣುವುದೇ ಇಲ್ಲ ಎಂಬ ಮಾತು. ಫೈಲ್ ಸಿಸ್ಟಂ (ಯಾವ ಫೈಲ್ ಡಿಸ್ಕಿನಲ್ಲಿ ಎಲ್ಲಿದೆ ಎಂಬ ಲೆಕ್ಕದ ವ್ಯವಸ್ಥೆ) ಕೆಟ್ಟರೆ ಅದು ಪ್ರತಿಸಲವೂ ಒಂದೇ ರೀತಿ ಕೆಟ್ಟಿರುತ್ತದೆ. ಬೆಳಿಗ್ಗೆ ಒಂದು, ಸಂಜೆ ಒಂದು ಎಂದು ನಡೆದುಕೊಳ್ಳುವುದು ಸಾಮಾನ್ಯವಾಗಿ ವಿದ್ಯುತ್ತು, ಕೇಬಲ್ ಅಥವಾ ಪೋರ್ಟ್. ಆದ್ದರಿಂದ ಮೌಂಟ್ ಮಾಡುವ, ಅಂದರೆ ಡಿಸ್ಕನ್ನು ತೆರೆಯುವ ವಿಚಾರವನ್ನು ಸದ್ಯಕ್ಕೆ ಮರೆತುಬಿಡಿ.

ನಿಮ್ಮ ಡಿಸ್ಕಿಗೆ ಬೇರೆ ಅಡಾಪ್ಟರ್ ಇಲ್ಲ, ಅದು ಬದುಕುವುದು ಪೋರ್ಟ್ ಕೊಡುವ 5 ವೋಲ್ಟ್‌ನಲ್ಲಿ. ಯುಎಸ್‌ಬಿ 2.0 ನಿಯಮದಂತೆ ಒಂದು ಪೋರ್ಟ್ 500 ಮಿಲಿಆಂಪಿಯರ್ ಕೊಡಬೇಕು, 3.0 ಆದರೆ 900. ನಿಂತ ತಟ್ಟೆಯನ್ನು ತಿರುಗಿಸಲು ಆರಂಭಿಸುವ ಒಂದೆರಡು ಸೆಕೆಂಡುಗಳಲ್ಲಿ ಇಂಥ ಡಿಸ್ಕ್‌ಗಳು ಒಂದು ಆಂಪಿಯರಿನ ಆಸುಪಾಸು ಎಳೆಯುತ್ತವೆ. ಒಳ್ಳೆಯ ಪೋರ್ಟುಗಳು ಅಷ್ಟು ಹೊತ್ತು ಹೇಗೋ ತೂಗಿಸಿಕೊಂಡು ಹೋಗುತ್ತವೆ. ಈಗ ಕೇಬಲಿನ ತುದಿಯಲ್ಲಿ ತುಕ್ಕೋ ಕಿಲುಬೋ ಹಿಡಿದು, ದಾರಿಯಲ್ಲಿ ಬರೀ ಅರ್ಧ ಓಮ್ ತಡೆ ಸೇರಿಕೊಂಡಿದೆ ಎಂದಿಟ್ಟುಕೊಳ್ಳಿ. ಒಂದು ಆಂಪಿಯರಿಗೆ ಅರ್ಧ ವೋಲ್ಟ್ ಅಲ್ಲೇ ಖರ್ಚಾಗಿ ಡಿಸ್ಕಿಗೆ ಸಿಗುವುದು ನಾಲ್ಕೂವರೆ ವೋಲ್ಟ್. ದೀಪ ಉರಿಯಲು ಅದು ಧಾರಾಳ ಸಾಕು, ಮೋಟಾರಿಗೆ ಸಾಲದು. ಮೋಟಾರು ಸೋತಾಗ ಡಿಸ್ಕ್ ತಟ್ಟೆಯನ್ನು ಓದುವ ತನ್ನ ಹೆಡ್ಡನ್ನು ಬದಿಗೆ ಸರಿಸಿಕೊಂಡು ನಿಲ್ಲುತ್ತದೆ, ನೀವು ಕೇಳುತ್ತಿರುವ ಟಿಕ್ ಸದ್ದು ಅದೇ ಆಗಿರಬಹುದು. ನೀಲಿ ದೀಪ ಉರಿಯುತ್ತಿದೆ, ಹಾಗಾದರೆ ಕರೆಂಟು ಸರಿಯಿದೆ ಎಂದು ವಾದಿಸುವವರನ್ನು ನಾನು ದಿನಾ ನೋಡುತ್ತೇನೆ.

ನಮ್ಮ ಕರಾವಳಿಯಲ್ಲಿ ಈ ಕಾರಣಕ್ಕೆ ಹೆಚ್ಚಿನ ತೂಕವಿದೆ. ಕಡಲ ಗಾಳಿಯಲ್ಲಿ ಉಪ್ಪಿದೆ, ಜೂನಿನಿಂದ ಸೆಪ್ಟೆಂಬರಿನವರೆಗೆ ಗೋಡೆಯೇ ಬೆವರುತ್ತದೆ, ತಾಮ್ರದ ಮೇಲಿನ ತೆಳು ಲೇಪ ಒಂದೆಡೆ ಸವೆದರೆ ಸಾಕು, ಅಲ್ಲಿಂದ ಹಸಿರು ಹಬ್ಬುತ್ತದೆ. ನಿಮ್ಮ ಡಿಸ್ಕಿನ ಕಡೆಗೆ ಸಿಕ್ಕುವ ತುದಿಯನ್ನು ಮೊಬೈಲಿನ ಟಾರ್ಚ್ ಹಿಡಿದು ನೋಡಿ. ಅದು ಚಪ್ಪಟೆಯಾಗಿ, ನಡುವೆ ಸೊಂಟ ಬಿಟ್ಟಂತೆ ಎರಡು ಭಾಗವಾಗಿದ್ದರೆ ಮೈಕ್ರೊ-ಬಿ ಮಾದರಿಯ ಯುಎಸ್‌ಬಿ 3.0 ತುದಿ ಎಂದರ್ಥ. ಅದರೊಳಗೆ ಹತ್ತು ಸಂಪರ್ಕಗಳಿರುತ್ತವೆ, ದೊಡ್ಡ ಭಾಗದಲ್ಲಿ ಐದು, ಚಿಕ್ಕದರಲ್ಲಿ ಐದು. ದೊಡ್ಡ ಭಾಗ ಹಳೆಯ ಮೊಬೈಲ್ ಚಾರ್ಜರುಗಳ ಮೈಕ್ರೊ ಯುಎಸ್‌ಬಿಯದ್ದೇ ಆಕಾರ, ಆದ್ದರಿಂದ ಹಳೆಯ ಮೊಬೈಲಿನ ಡೇಟಾ ಕೇಬಲ್ ಅದಕ್ಕೆ ಸರಿಯಾಗಿ ಕೂರುತ್ತದೆ. ಆಗ ಡಿಸ್ಕ್ ಯುಎಸ್‌ಬಿ 2.0 ವೇಗದಲ್ಲಿ ನಡೆಯುತ್ತದೆ, ನಿಧಾನವಾದರೂ ನಡೆಯುತ್ತದೆ. ಹೊಸ ಕೇಬಲ್ ಕೊಳ್ಳುವ ಮೊದಲು ಮನೆಯಲ್ಲೇ ಮಾಡಬಹುದಾದ ಪರೀಕ್ಷೆ ಇದು. ಕೇವಲ ಚಾರ್ಜಿಂಗಿಗೆಂದೇ ಮಾಡಿದ ಕೇಬಲುಗಳಲ್ಲಿ ಡೇಟಾ ತಂತಿಗಳೇ ಇರುವುದಿಲ್ಲ, ಅಂಥದ್ದನ್ನು ಹಾಕಿ ಡಿಸ್ಕ್ ಸತ್ತಿದೆ ಎಂದು ತೀರ್ಮಾನಿಸಬೇಡಿ.

ಕಿಲುಬು ಕಂಡರೆ ಕಂಚಿನ ದೀಪಕ್ಕೆ ಉಜ್ಜಿದಂತೆ ಹುಣಸೆಹುಳಿಯನ್ನೋ ಲಿಂಬೆಯನ್ನೋ ಉಜ್ಜಲು ಹೋಗಬೇಡಿ (ಒಬ್ಬರು ಉಜ್ಜಿ ತಂದಿದ್ದರು, ಪೋರ್ಟ್ ಹೊಳೆಯುತ್ತಿತ್ತು, ಕೆಲಸ ಮಾತ್ರ ಮಾಡುತ್ತಿರಲಿಲ್ಲ). ಡಿಸ್ಕಿನ ಬದಿಯ ಕಿಂಡಿಯನ್ನು ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ಅದ್ದಿದ ಮೃದುವಾದ ಬ್ರಷ್‌ನಿಂದ ಒರಸಿ, ಸಂಪೂರ್ಣ ಆರಿದ ಮೇಲೆ ಸಿಕ್ಕಿಸಬಹುದು. ಕೇಬಲನ್ನು ಶುಚಿ ಮಾಡುವುದಕ್ಕಿಂತ ಹೊಸದನ್ನು ಕೊಳ್ಳುವುದು ಮೇಲು. ಅರ್ಧ ಮೀಟರಿಗಿಂತ ಉದ್ದದ್ದು ಬೇಡ. ಡೆಸ್ಕ್‌ಟಾಪಿನಲ್ಲಿ ನೋಡುವುದಾದರೆ ಹಿಂಭಾಗದ ಪೋರ್ಟನ್ನೇ ಬಳಸಿ. ಹಿಂದಿನವು ಮದರ್‌ಬೋರ್ಡಿಗೇ ಬೆಸೆದವು, ಮುಂದಿನವು ಪೆಟ್ಟಿಗೆಯೊಳಗೆ ಇನ್ನೊಂದು ಸಪೂರ ತಂತಿಯ ಮೂಲಕ ಬರುತ್ತವೆ. ಪಕ್ಕದ ಮನೆಯಲ್ಲಿ ಫಾರ್ಮ್ಯಾಟ್ ಕೇಳಿದ್ದಕ್ಕೆ ಅದೂ ಕಾರಣವಿರಬಹುದು.

ಒಂದು ಎಚ್ಚರಿಕೆ ಹೇಳಲೇಬೇಕು. ಕೇಬಲ್ ಬದಲಿಸಿ, ಒಳ್ಳೆಯ ಪೋರ್ಟಿಗೆ ಹಾಕಿದ ಮೇಲೂ ಟಿಕ್ ಟಿಕ್ ಸದ್ದು ಮುಂದುವರಿದರೆ ಅದು ವಿದ್ಯುತ್ತಿನ ದೋಷವಲ್ಲ, ಹೆಡ್ಡಿನದ್ದು. ಆಗ ಇನ್ನೊಮ್ಮೆ ನೋಡೋಣ ಎಂದು ಸಿಕ್ಕಿಸುತ್ತ ಕೂರಬೇಡಿ, ಪ್ರತಿಸಲವೂ ಹೆಡ್ಡು ತಟ್ಟೆಯನ್ನು ಗೀರುವ ಸಾಧ್ಯತೆ ಇದೆ. ಡೇಟಾ ರಿಕವರಿ ಮಾಡುವವರ ಬಳಿಗೇ ಹೋಗಬೇಕು. ಪೆಟ್ಟಿಗೆ ಬಿಚ್ಚಿ ಒಳಗಿನ ಡಿಸ್ಕನ್ನು ನೇರವಾಗಿ ಕಂಪ್ಯೂಟರಿಗೆ ಹಾಕುವ ಉಪಾಯವನ್ನೂ ಯಾರಾದರೂ ಹೇಳಬಹುದು; ಇತ್ತೀಚಿನ ಅನೇಕ ಪೋರ್ಟೆಬಲ್ ಡಿಸ್ಕ್‌ಗಳಲ್ಲಿ ಯುಎಸ್‌ಬಿ ಕಿಂಡಿ ಡಿಸ್ಕಿನ ಬೋರ್ಡಿಗೇ ಬೆಸೆದಿರುತ್ತದೆ, ಬೇರೆ ಪಿನ್ನುಗಳೇ ಇರುವುದಿಲ್ಲ.

ಕೇಬಲ್ ಬದಲಿಸಿದ ಬಳಿಕ ಟರ್ಮಿನಲ್ ತೆರೆದು ಕರ್ನಲ್ (ಲಿನಕ್ಸಿನ ಒಳತಿರುಳು) ಏನು ಹೇಳುತ್ತದೆ ಎಂದು ನೋಡಿ ಇಲ್ಲಿ ಬರೆಯಿರಿ. ಕಮಾಂಡುಗಳನ್ನು ಅಕ್ಷರ ಬಿಡಿಸಿ ಬರೆಯುತ್ತೇನೆ, ನೀವು ಇಂಗ್ಲಿಷ್ ಅಕ್ಷರಗಳಲ್ಲೇ ಹೊಡೆಯಬೇಕು. ಸುಡೋ ಎಂದು ಬರೆದು ಡಿ-ಎಂ-ಇ-ಎಸ್-ಜಿ, ಒಂದು ಜಾಗ, ಅಡ್ಡಗೆರೆ ಮತ್ತು ಡಬ್ಲ್ಯು. ಅದು ಓಡುತ್ತಿರುವಾಗಲೇ ಡಿಸ್ಕ್ ಸಿಕ್ಕಿಸಿದರೆ ಸಾಲುಗಳು ಕಣ್ಣೆದುರೇ ಇಳಿಯುತ್ತವೆ.

ಉತ್ತರ: ಸುರತ್ಕಲ್_ಹಾಸ್ಟೆಲ್

ನನ್ನ ಅನಿಸಿಕೆಯಲ್ಲಿ ಇಷ್ಟೆಲ್ಲ ಅಗತ್ಯವಿಲ್ಲ. ಆ ಸೂಪರ್‌ಬ್ಲಾಕ್ ಸಂದೇಶ ನನಗೂ ಎರಡು ಸಲ ಬಂದಿತ್ತು. ಎನ್‌ಟಿಎಫ್‌ಎಸ್-ಫಿಕ್ಸ್ ಎಂಬ ಕಮಾಂಡನ್ನು (ಎನ್‌ಟಿಎಫ್‌ಎಸ್ ಎಂದರೆ ವಿಂಡೋಸಿನ ಫೈಲ್ ಸಿಸ್ಟಂ) ಅಡ್ಡಗೆರೆ ಡಿ ಆಯ್ಕೆಯೊಂದಿಗೆ ಓಡಿಸಿದೆ, ಐದು ಸೆಕೆಂಡಿನಲ್ಲಿ ಸರಿಯಾಯಿತು, ಇಂದಿಗೂ ಅದೇ ಡಿಸ್ಕನ್ನು ಬಳಸುತ್ತಿದ್ದೇನೆ. ಮೊದಲು ಅದನ್ನೇ ಪ್ರಯತ್ನಿಸಿ ನೋಡಬಹುದು.

ಉತ್ತರ: ಮಣಿಪಾಲ_ಸರ್ವರ್‌ರೂಮ್

ದಯವಿಟ್ಟು ಈಗಲೇ ಅದನ್ನು ಮಾಡಬೇಡಿ. ಮೇಲಿನವರು ಹೇಳಿದ ಪರಿಹಾರ ಸುಳ್ಳಲ್ಲ, ಅದರ ಸರದಿ ಇನ್ನೂ ಬಂದಿಲ್ಲ ಅಷ್ಟೇ. ಎನ್‌ಟಿಎಫ್‌ಎಸ್-ಫಿಕ್ಸ್ ಹೆಸರಿನಲ್ಲಿ ದುರಸ್ತಿ ಇದ್ದರೂ ಅದು ವಿಂಡೋಸಿನ ಚೆಕ್‌ಡಿಸ್ಕಿಗೆ ಬದಲಿಯಲ್ಲ. ಕೆಲವು ಮೂಲಭೂತ ಅಸಂಗತಿಗಳನ್ನು ಸರಿಪಡಿಸಿ, ಫೈಲ್ ಸಿಸ್ಟಮಿನ ಜರ್ನಲನ್ನು ಖಾಲಿ ಮಾಡಿ, ಅಡ್ಡಗೆರೆ ಡಿ ಕೊಟ್ಟಿದ್ದರೆ ಈ ಡಿಸ್ಕ್ ಕೊಳೆಯಾಗಿದೆ, ಅಂದರೆ ಪರೀಕ್ಷೆ ಬಾಕಿಯಿದೆ, ಎಂಬ ಗುರುತನ್ನೂ ಅಳಿಸಿಬಿಡುತ್ತದೆ. ಕರೆಂಟು ಹೋದ ಕ್ಷಣದಲ್ಲಿ ಯಾವ ಬರವಣಿಗೆ ಎಲ್ಲಿಗೆ ಬಂದು ನಿಂತಿತ್ತು ಎಂಬುದರ ದಾಖಲೆ ಇರುವುದೇ ಆ ಜರ್ನಲಿನಲ್ಲಿ. ಅದಕ್ಕಿಂತ ಮುಖ್ಯವಾಗಿ, ಅದು ಡಿಸ್ಕಿನ ಮೇಲೆ ಬರೆಯುವ ಕೆಲಸ. ಸಂಪರ್ಕವೇ ಕಡಿದು ಕಡಿದು ಹೋಗುತ್ತಿರುವ ಡಿಸ್ಕಿನ ಮೇಲೆ, ಇನ್ನೊಂದು ಪ್ರತಿಯಿಲ್ಲದಿರುವಾಗ, ಏನನ್ನೂ ಬರೆಯಬಾರದು. ಬಂದರಿನವರು ಕೇಳಿದ ಸಾಲುಗಳನ್ನು ಮೊದಲು ಹಾಕಿ.

ಕಟಪಾಡಿ_ಶ್ರೋತೃ

ಎಲ್ಲರ ಉತ್ತರಗಳನ್ನು ಓದಿ, ಫಿಕ್ಸ್ ಮಾಡಲು ಹೊರಟವನು ಕೈ ಹಿಂದಕ್ಕೆ ತೆಗೆದುಕೊಂಡೆ.

ಮೊದಲು ಹಳೆಯ ಕೇಬಲಿನಲ್ಲೇ ನೋಡಿದೆ. ಸಿಕ್ಕಿಸಿದ ಕೂಡಲೇ ಸೂಪರ್‌ಸ್ಪೀಡ್ ಸಾಧನ ಸಿಕ್ಕಿದೆ ಎಂಬ ಸಾಲು ಬಂತು. ಬಳಿಕ ಡಿಸ್ಕ್ರಿಪ್ಟರ್ ಓದುವಾಗ ದೋಷ, ಸಂಖ್ಯೆ -71 ಎಂಬ ಸಾಲು ಮತ್ತೆ ಮತ್ತೆ ಬಂದು, ಕೊನೆಗೆ ಸಂಪರ್ಕ ಕಡಿಯಿತು ಎಂದು ತೋರಿಸಿತು. ಕೇಬಲಿನ ಚಪ್ಪಟೆ ತುದಿಯನ್ನು ಟಾರ್ಚಿನಲ್ಲಿ ನೋಡಿದರೆ ದೊಡ್ಡ ಭಾಗದ ಒಂದು ಮೂಲೆಯಲ್ಲಿ ಸಾಸಿವೆ ಕಾಳಿನ ಅರ್ಧದಷ್ಟು ಹಸಿರು ಚುಕ್ಕೆ ಕಂಡಿತು. ವಿದ್ಯುತ್ತು ಬರುವ ಸಂಪರ್ಕ ಅದೇ ಮೂಲೆಯದ್ದು ಎಂದು ಆಮೇಲೆ ತಿಳಿಯಿತು. ಡಿಸ್ಕಿನ ಕಿಂಡಿ ಮಾತ್ರ ಶುಚಿಯಾಗಿದೆ.

ಅಮ್ಮನ ಹಳೆಯ ಮೊಬೈಲಿನ ಕೇಬಲನ್ನು ಹಾಕಿದೆ. ಟಿಕ್ ಸದ್ದು ಬರಲಿಲ್ಲ! ಹೈಸ್ಪೀಡ್ ಸಾಧನ ಎಂದು ಗುರುತಿಸಿ, ಎಸ್‌ಡಿಬಿ ಎಂಬ ಹೆಸರು ಕೊಟ್ಟು, 2.00 ಟಿಬಿ, 1.82 ಟಿಐಬಿ ಎಂದು ಗಾತ್ರವನ್ನೂ ತೋರಿಸಿತು. ಹತ್ತು ಸಲ ತೆಗೆದು ಹಾಕಿದರೂ ಹತ್ತು ಸಲವೂ ಕಂಡಿತು. ಆದರೆ ಮೌಂಟ್ ಮಾಡಲು ಹೋದರೆ ಅದೇ ಸೂಪರ್‌ಬ್ಲಾಕ್ ಸಂದೇಶ. ಆ ಹೊತ್ತಿಗೆ ಟರ್ಮಿನಲಿನಲ್ಲಿ ಎನ್‌ಟಿಎಫ್‌ಎಸ್3 ಎಂದು ಆರಂಭವಾಗುವ ಒಂದು ಸಾಲು ಬಂತು. ವಾಲ್ಯೂಮ್ ಕೊಳೆಯಾಗಿದೆ, ಫೋರ್ಸ್ (ಬಲವಂತವಾಗಿ ತೆರೆ ಎಂಬ) ಗುರುತನ್ನು ಕೊಟ್ಟಿಲ್ಲ ಎಂಬ ಅರ್ಥದ್ದು. ಫೋರ್ಸ್ ಕೊಡಲೇ?

ಉತ್ತರ: ಮಣಿಪಾಲ_ಸರ್ವರ್‌ರೂಮ್

ಕೊಡಬೇಡಿ. ಆದರೆ ಇನ್ನು ಗಾಬರಿಪಡುವ ಕಾರಣವೂ ಇಲ್ಲ, ನಿಮ್ಮ ಡಿಸ್ಕ್ ಬಹುಮಟ್ಟಿಗೆ ಚೆನ್ನಾಗಿಯೇ ಇದೆ.

ನಿಮಗೆ ಬಂದದ್ದು ಒಂದು ಕಾಯಿಲೆಯಲ್ಲ, ಎರಡು. -71 ಎನ್ನುವುದು ಯುಎಸ್‌ಬಿ ತಂತಿಯ ಮೇಲಿನ ಮಾತುಕತೆ ಮುರಿದುಬಿತ್ತು ಎಂಬುದರ ಸಂಖ್ಯೆ. ಅದು ಕೇಬಲಿನೊಂದಿಗೆ ಹೋಯಿತು. ಉಳಿದದ್ದು ಕದ್ರಿಯಲ್ಲಿ ಕರೆಂಟು ಹೋದ ರಾತ್ರಿಯದ್ದು. ಎನ್‌ಟಿಎಫ್‌ಎಸ್ ವಾಲ್ಯೂಮಿನಲ್ಲಿ ಒಂದು ಪುಟ್ಟ ಗುರುತು ಇರುತ್ತದೆ. ಬರವಣಿಗೆ ಅರ್ಧದಲ್ಲಿ ನಿಂತರೆ ಆ ಗುರುತು ಹಾಗೆಯೇ ಉಳಿದು, ಮುಂದೆ ತೆರೆಯುವವರಿಗೆ ಮೊದಲು ಪರೀಕ್ಷಿಸಿ ಎಂದು ಹೇಳುತ್ತದೆ. ಹಿಂದೆ ಲಿನಕ್ಸ್ ವಿತರಣೆಗಳಲ್ಲಿ ಬಳಕೆಯಲ್ಲಿದ್ದ ಎನ್‌ಟಿಎಫ್‌ಎಸ್-3ಜಿ ಎಂಬ ತಂತ್ರಾಂಶ ಈ ಗುರುತನ್ನು ಕಂಡೂ ಕಾಣದಂತೆ ಬಾಗಿಲು ತೆರೆದುಬಿಡುತ್ತಿತ್ತು. 2021ರಲ್ಲಿ ಬಂದ ಕರ್ನಲ್ 5.15ರಿಂದ ಕರ್ನಲಿನೊಳಗೇ ಎನ್‌ಟಿಎಫ್‌ಎಸ್3 ಎಂಬ ಹೊಸ ಚಾಲಕ ಸೇರಿದೆ, ಹೊಸ ಉಬುಂಟು ಅದನ್ನೇ ಮೊದಲು ಬಳಸುತ್ತದೆ. ಇದು ಕಟ್ಟುನಿಟ್ಟಿನ ಕಾವಲುಗಾರ; ಕೊಳೆ ಗುರುತು ಇದ್ದರೆ ಬರೆಯುವ ಹಕ್ಕಿನೊಂದಿಗೆ ಒಳಗೆ ಬಿಡುವುದಿಲ್ಲ. ಬಿಡುವುದಿಲ್ಲ ಎಂದು ಹೇಳಲು ಅದರ ಬಳಿ ಇರುವುದು ಅಮಾನ್ಯ ಎಂಬ ಒಂದೇ ಒಂದು ದೋಷಸಂಖ್ಯೆ, ಅದು 22. ಆ ಸಂಖ್ಯೆ ಏಕೆ ಬಂತು ಎಂದು ಮೌಂಟ್ ಕಮಾಂಡಿಗೆ ಗೊತ್ತಿಲ್ಲ, ಹಾಗಾಗಿ ಸಾಧ್ಯವಿರುವ ಕಾರಣಗಳನ್ನೆಲ್ಲ ಒಂದೇ ಸಾಲಿನಲ್ಲಿ ಪೋಣಿಸಿ ನಿಮ್ಮ ಮುಂದಿಡುತ್ತದೆ. ಎನ್‌ಟಿಎಫ್‌ಎಸ್‌ನಲ್ಲಿ ಸೂಪರ್‌ಬ್ಲಾಕ್ ಎಂಬ ಹೆಸರಿನ ವಸ್ತುವೇ ಇಲ್ಲ. ಆ ಸಂದೇಶವನ್ನು ಓದಿ ಸೂಪರ್‌ಬ್ಲಾಕ್ ದುರಸ್ತಿ ಎಂದು ಹುಡುಕಿ, ಇನ್ಯಾವುದೋ ಫೈಲ್ ಸಿಸ್ಟಮಿನ ಕಮಾಂಡನ್ನು ಓಡಿಸಿ ಡಿಸ್ಕ್ ಕಳೆದುಕೊಂಡವರನ್ನು ನಾನು ಕಂಡಿದ್ದೇನೆ.

ಈ ಕಾವಲುಗಾರ ಓದುವುದಕ್ಕೆ ಮಾತ್ರ ಬರುತ್ತೇನೆ ಎಂದವರನ್ನು ತಡೆಯುವುದಿಲ್ಲ. ಆದ್ದರಿಂದ ಸುಡೋ ಮೌಂಟ್ ಎಂದು ಬರೆದು, ಅಡ್ಡಗೆರೆ ಟಿ ಎನ್‌ಟಿಎಫ್‌ಎಸ್3, ಅಡ್ಡಗೆರೆ ಓ ಆರ್-ಓ, ಆಮೇಲೆ ಡೆವ್ ಫೋಲ್ಡರಿನ ಎಸ್‌ಡಿಬಿ1, ಕೊನೆಗೆ ಎಂಎನ್‌ಟಿ ಫೋಲ್ಡರ್ ಎಂದು ಕೊಡಿ. ಆರ್-ಓ ಎಂಬ ಎರಡಕ್ಷರವೇ ಇಲ್ಲಿ ಜೀವಾಳ. ಎಸ್‌ಡಿಬಿ1 ಎಂಬ ಹೆಸರು ಸಿಕ್ಕಿಸಿದಾಗಲೆಲ್ಲ ಬದಲಾಗಬಹುದು, ಅದಕ್ಕೆ ಪ್ರತಿಸಲವೂ ಎಲ್-ಎಸ್-ಬಿ-ಎಲ್-ಕೆ ಎಂದಷ್ಟೇ ಕೊಟ್ಟು ಡಿಸ್ಕಿನ ಗಾತ್ರವನ್ನೂ, ಅದಕ್ಕೆ ಅಡ್ಡಗೆರೆ ಎಫ್ ಸೇರಿಸಿ ಲೇಬಲನ್ನೂ ಖಚಿತಪಡಿಸಿಕೊಳ್ಳಿ.

ಅದಕ್ಕೂ ಮೊದಲು ಸ್ಮಾರ್ಟ್‌ಮಾನ್‌ಟೂಲ್ಸ್ ಎಂಬ ಪ್ಯಾಕೇಜನ್ನು ಹಾಕಿಕೊಂಡು ಡಿಸ್ಕಿನ ಆರೋಗ್ಯ ಪಟ್ಟಿಯನ್ನು ನೋಡಿ. 5ನೆಯ ಸಾಲು ಈಗಾಗಲೇ ಕೆಟ್ಟು ಬದಲಿಗೊಂಡ ಸೆಕ್ಟರುಗಳ ಲೆಕ್ಕ, 197ನೆಯದು ಓದಲಾಗದೆ ಬಾಕಿ ಉಳಿದವುಗಳದ್ದು. 197 ಶೂನ್ಯವಾಗಿದ್ದರೆ ಸೀದಾ ನಕಲು ಮಾಡಿಕೊಳ್ಳಿ. ಹತ್ತಿಪ್ಪತ್ತು ಇದ್ದರೆ ನನಗೆ ಹೇಳಿ, ಆಗ ಡಿಡಿ-ರೆಸ್ಕ್ಯೂ ಎಂಬುದರಿಂದ ಇಡೀ ಡಿಸ್ಕಿನ ಪಡಿಯಚ್ಚು ತೆಗೆಯಬೇಕಾಗುತ್ತದೆ, ಅದಕ್ಕೆ 2 ಟಿಬಿಗಿಂತ ದೊಡ್ಡ ಇನ್ನೊಂದು ಡಿಸ್ಕ್ ಬೇಕು. ಪಟ್ಟಿಯಲ್ಲಿ 199 ಎಂಬ ಇನ್ನೊಂದು ಸಾಲೂ ಇದೆ, ಸಂಪರ್ಕ ದೋಷಗಳ ಲೆಕ್ಕ ಎಂದು ಅದನ್ನು ಕರೆಯುತ್ತಾರೆ. ಅದು ಶೂನ್ಯವಿದೆ ಎಂದು ಹಳೆಯ ಕೇಬಲನ್ನು ನಂಬಬೇಡಿ. ಅದು ಎಣಿಸುವುದು ಡಿಸ್ಕಿಗೂ ಪೆಟ್ಟಿಗೆಯೊಳಗಿನ ಚಿಪ್ಪಿಗೂ ನಡುವಿನ ತಪ್ಪುಗಳನ್ನು, ಹೊರಗಿನ ಯುಎಸ್‌ಬಿ ಕೇಬಲಿನ ಸುದ್ದಿ ಅದರವರೆಗೆ ತಲುಪುವುದೇ ಇಲ್ಲ.

ಭಾವನವರಿಗೂ ಒಂದು ಮಾತು ಹೇಳಿ. ವಿಂಡೋಸ್ 8ರಿಂದ ಫಾಸ್ಟ್ ಸ್ಟಾರ್ಟಪ್ ಎಂಬುದೊಂದು ಬಂದಿದೆ. ಅದು ಚಾಲೂ ಇದ್ದರೆ ಶಟ್‌ಡೌನ್ ಒತ್ತಿದಾಗ ಕಂಪ್ಯೂಟರ್ ಪೂರ್ತಿ ಆರುವುದಿಲ್ಲ, ಒಂದು ಬಗೆಯ ಅರೆನಿದ್ದೆಗೆ ಜಾರುತ್ತದೆ. ಸಿಕ್ಕಿಸಿದ್ದ ಡಿಸ್ಕಿನ ಲೆಕ್ಕಪತ್ರವೂ ಅದರ ನೆನಪಿನಲ್ಲೇ ಉಳಿಯಬಹುದು. ಕರೆಂಟು ಹೋಗದಿದ್ದರೂ ಇದೇ ತೊಂದರೆ ಬರಲು ಅಷ್ಟು ಸಾಕು. ಎಜೆಕ್ಟ್ ಮಾಡಿಯೇ ಡಿಸ್ಕನ್ನು ಕೀಳಬೇಕು, ಇಲ್ಲವೇ ಶಿಫ್ಟ್ ಕೀ ಒತ್ತಿಹಿಡಿದು ಶಟ್‌ಡೌನ್ ಮಾಡಬೇಕು.

ಉತ್ತರ: ಸುರತ್ಕಲ್_ಹಾಸ್ಟೆಲ್

ನನ್ನ ಹಿಂದಿನ ಉತ್ತರಕ್ಕೆ ಕ್ಷಮೆ ಇರಲಿ. ನನ್ನ ಡಿಸ್ಕಿನಲ್ಲಿ ಇದ್ದದ್ದು ಮತ್ತೆ ಇಳಿಸಿಕೊಳ್ಳಬಹುದಾದ ಸಿನಿಮಾಗಳು ಮಾತ್ರ. ಆ ವ್ಯತ್ಯಾಸ ಆಗ ಹೊಳೆಯಲಿಲ್ಲ.

ಕಟಪಾಡಿ_ಶ್ರೋತೃ

ಶುಭಸುದ್ದಿಯಿದೆ. ಆರೋಗ್ಯ ಪಟ್ಟಿಯಲ್ಲಿ 5 ಮತ್ತು 197 ಎರಡೂ ಶೂನ್ಯ. ಹಂಪನಕಟ್ಟೆಯ ಬಳಿಯ ಒಂದು ಅಂಗಡಿಯಿಂದ ಹೊಸ ಕೇಬಲನ್ನೂ ಇನ್ನೊಂದು 2 ಟಿಬಿ ಡಿಸ್ಕನ್ನೂ ತಂದೆ. ಹೊಸ ಡಿಸ್ಕನ್ನು ಲಿನಕ್ಸಿನ ಎಕ್ಸ್‌ಟಿ4ಗೆ ಫಾರ್ಮ್ಯಾಟ್ ಮಾಡಿಕೊಂಡೆ, ಹಳೆಯದನ್ನು ನೀವು ಹೇಳಿದಂತೆ ಓದುವುದಕ್ಕೆ ಮಾತ್ರ ಮೌಂಟ್ ಮಾಡಿದೆ. ಫೋಲ್ಡರುಗಳು ಒಂದೊಂದಾಗಿ ಮೂಡಿ ಬಂದಾಗ ದೊಡ್ಡಪ್ಪನೂ ಪಕ್ಕದಲ್ಲೇ ಕುರ್ಚಿ ಹಾಕಿಕೊಂಡು ಕೂತಿದ್ದರು. ಆರ್‌ಸಿಂಕ್ ಬಳಸಿ ನಕಲು ಮಾಡಿದೆ. ಸುಮಾರು 600 ಜಿಬಿ, ಎರಡು ಗಂಟೆಯೊಳಗೆ ಮುಗಿಯಿತು. ಮೊಬೈಲ್ ಕೇಬಲಿನಲ್ಲೇ ಮಾಡಿದ್ದರೆ ಐದು ಗಂಟೆ ಬೇಕಾಗುತ್ತಿತ್ತೇನೋ.

ಆದರೆ ಕೊನೆಯಲ್ಲಿ 11 ಫೈಲ್‌ಗಳು ಬರಲಿಲ್ಲ ಎಂದು ತೋರಿಸುತ್ತಿದೆ. ಕೆಟ್ಟ ಸೆಕ್ಟರುಗಳಿರಬೇಕು ಎಂದು ಎದೆ ಧಸಕ್ಕೆಂದಿತು. ಓದಿದರೆ ಫೈಲಿನ ಹೆಸರು ತೀರಾ ಉದ್ದವಾಯಿತು ಎಂಬ ಕಾರಣ ಕೊಟ್ಟಿದೆ. ನಾನು ಹೆಸರುಗಳನ್ನು ಕನ್ನಡದಲ್ಲೇ ಇಟ್ಟಿದ್ದೇನೆ, ಪ್ರಸಂಗ, ಊರು, ತಾರೀಕು, ಭಾಗವತರು, ಅರ್ಥಧಾರಿಗಳು ಎಲ್ಲರ ಹೆಸರೂ ಇರುತ್ತದೆ. ಉದ್ದ ಇವೆ ನಿಜ, ಆದರೆ ವಿಂಡೋಸ್ ಒಪ್ಪಿದ್ದನ್ನು ಲಿನಕ್ಸ್ ಏಕೆ ಒಪ್ಪುವುದಿಲ್ಲ?

ಉತ್ತರ: ಮಣಿಪಾಲ_ಸರ್ವರ್‌ರೂಮ್

ಇಂಗ್ಲಿಷಿನಲ್ಲಿ ಹೆಸರಿಡುವವರಿಗೆ ಜನ್ಮದಲ್ಲಿ ಎದುರಾಗದ ತೊಂದರೆ ಇದು, ನಮ್ಮಂಥವರಿಗೇ ಮೀಸಲು. ಎರಡೂ ಕಡೆ ಮಿತಿ 255 ಎಂದೇ ಬರೆದಿರುತ್ತಾರೆ, ಎಣಿಸುವ ರೀತಿ ಬೇರೆ. ಎನ್‌ಟಿಎಫ್‌ಎಸ್ ಎಣಿಸುವುದು ಯುಟಿಎಫ್-16 ಎಂಬ ಅಕ್ಷರ ಸಂಕೇತದ ಲೆಕ್ಕದಲ್ಲಿ, ಅದರಲ್ಲಿ ಕನ್ನಡದ ಒಂದು ಚಿಹ್ನೆಗೆ ಒಂದೇ ಎಣಿಕೆ. ಎಕ್ಸ್‌ಟಿ4 ಎಣಿಸುವುದು ಬೈಟುಗಳನ್ನು, ಮತ್ತು ಯುಟಿಎಫ್-8ರಲ್ಲಿ ಕನ್ನಡದ ಪ್ರತಿಯೊಂದು ಚಿಹ್ನೆಗೆ ಮೂರು ಬೈಟ್. ಶ್ರೀಕೃಷ್ಣ ಎಂಬ ಪದವನ್ನೇ ನೋಡಿ. ಕಣ್ಣಿಗೆ ಮೂರೇ ಅಕ್ಷರ. ಕಂಪ್ಯೂಟರಿಗೆ ಅದು ಶ, ವಿರಾಮ, ರ, ದೀರ್ಘ ಈಕಾರ, ಕ, ಋಕಾರ, ಷ, ಮತ್ತೊಂದು ವಿರಾಮ, ಣ ಎಂದು ಒಂಬತ್ತು ಚಿಹ್ನೆ, ಅಂದರೆ 27 ಬೈಟ್. ಹೀಗೆ ಎಕ್ಸ್‌ಟಿ4ರಲ್ಲಿ ಕನ್ನಡದ ಹೆಸರಿಗೆ ಸಿಗುವುದು ಸುಮಾರು 85 ಚಿಹ್ನೆಗಳು ಮಾತ್ರ. ಇಬ್ಬರು ಅರ್ಥಧಾರಿಗಳ ಪೂರ್ಣ ಹೆಸರು ಬರೆಯುವಷ್ಟರಲ್ಲಿ ಮುಗಿದುಹೋಗುತ್ತದೆ.

ಹಳೆಯ ಡಿಸ್ಕಿನಲ್ಲಿ ಹೆಸರು ಬದಲಿಸಲು ಹೋಗಬೇಡಿ, ಅದು ಇನ್ನೂ ಓದುವುದಕ್ಕೆ ಮಾತ್ರ ಇದೆ. ಆ 11ನ್ನು ಒಂದೊಂದಾಗಿ ಚಿಕ್ಕ ಹೆಸರು ಕೊಟ್ಟು ನಕಲು ಮಾಡಿ, ಪೂರ್ಣ ವಿವರವನ್ನು ಅದೇ ಫೋಲ್ಡರಿನಲ್ಲಿ ಒಂದು ಪಠ್ಯ ಫೈಲಿನಲ್ಲಿ ಬರೆದಿಡಿ. ಎಲ್ಲವೂ ಬಂದ ಮೇಲೆ ಹಳೆಯ ಡಿಸ್ಕನ್ನು ವಿಂಡೋಸಿಗೆ ಹಾಕಿ, ಹಿಂಭಾಗದ ಪೋರ್ಟಿನಲ್ಲಿ, ಚೆಕ್‌ಡಿಸ್ಕನ್ನು ಓರೆಗೆರೆ ಎಫ್ ಆಯ್ಕೆಯೊಂದಿಗೆ ಓಡಿಸಿ. ಅದಾದ ಮೇಲೆ ಲಿನಕ್ಸಿನಲ್ಲೂ ತಾನಾಗಿಯೇ ಮೌಂಟ್ ಆಗುತ್ತದೆ.

ಉತ್ತರ: ಬಂದರು_ರಿಪೇರಿ

ಎರಡು ಡಿಸ್ಕನ್ನೂ ಒಂದೇ ಕಪಾಟಿನಲ್ಲಿ ಇಡಬೇಡಿ ಮಾರಾಯ್ರೇ. ಒಂದು ಕಟಪಾಡಿಯಲ್ಲಿರಲಿ, ಇನ್ನೊಂದು ಕದ್ರಿಯಲ್ಲಿ. ಬಿಗಿಯಾದ ಮುಚ್ಚಳದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣದೊಂದಿಗೆ ಇಡಿ. ಅಕ್ಕಿ ಡಬ್ಬಿಯಲ್ಲಿ ಹುಗಿದಿಡುವವರಿದ್ದಾರೆ, ಅದರ ಹುಡಿ ಕಿಂಡಿಯೊಳಗೆ ಸೇರುತ್ತದೆ.

ಕಟಪಾಡಿ_ಶ್ರೋತೃ

ನಿನ್ನೆ ರಾತ್ರಿ 11 ಫೈಲ್‌ಗಳೂ ಬಂದವು. ಇವತ್ತು ಕದ್ರಿಗೆ ಹೋಗಿ ಚೆಕ್‌ಡಿಸ್ಕ್ ಓಡಿಸಿದೆ. ಅಂದು ಅರ್ಧಕ್ಕೆ ನಿಂತಿದ್ದ ಒಂದು ವಿಡಿಯೊವನ್ನು ಬಿಟ್ಟು ಬೇರೇನೂ ಹೋಗಿಲ್ಲ, ಅದರ ಮೂಲ ಭಾವನ ಕಂಪ್ಯೂಟರಿನಲ್ಲೇ ಇತ್ತು. ಹೊಸ ಡಿಸ್ಕನ್ನು ಅಲ್ಲಿಯೇ ಬಿಟ್ಟು ಬಂದಿದ್ದೇನೆ, ಭಾವ ಹೊಸ ಯುಪಿಎಸ್ ಬ್ಯಾಟರಿಯನ್ನೂ ತರಿಸಿದ್ದಾರೆ. ಮನೆಗೆ ಮರಳಿ ನೋಡಿದರೆ ಆ ಹಸಿರು ಚುಕ್ಕೆಯ ಕೇಬಲನ್ನು ಅಮ್ಮ ಅಂದವಾಗಿ ಸುತ್ತಿ, ಮುಂದೆ ಯಾವುದಕ್ಕಾದರೂ ಬೇಕಾದೀತು ಎಂದು ಮೇಜಿನ ಡ್ರಾಯರಿನಲ್ಲಿ ಇಟ್ಟಿದ್ದರು. ಅವರು ಅಡುಗೆಮನೆಗೆ ಹೋದಾಗ ಕತ್ತರಿಯಿಂದ ಎರಡು ತುಂಡು ಮಾಡಿದೆ.